ಇಂಗ್ಲಿಷರ ಹಳೆಗನ್ನಡ

ಕಳೆದ ವರ್ಷದ ಭಾದ್ರಪದ ಮಾಸದಲ್ಲಿ ನಾನು ಅಮೆರಿಕಾ ದೇಶದ ನ್ಯೂಜರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ, ಆರು ತಿಂಗಳು ಇದ್ದು ಬಂದೆನು. ಮೊಮ್ಮಗಳು ಅಲ್ಲಿಯ ಹೈಸ್ಕೂಲಿನ ಹನ್ನೆರಡನೆಯ, ಎಂದರೆ ಕಡೆಯ, ತರಗತಿಯಲ್ಲಿ ಓದುತ್ತಿದ್ದಳು. ಹೋದ ಎರಡನೆಯ ವಾರದಲ್ಲಿ ಒಂದು ಸಂಜೆ ಅವಳು ಊಟದ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪನಾದ ಪಠ್ಯಪುಸ್ತಕವೊಂದನ್ನು ತೆರೆದಿಟ್ಟುಕೊಂಡು, ಕೆನ್ನೆಗೆ ಕೈಕೊಟ್ಟು ಕುಳಿತಿದ್ದಳು.

"ತಾತ, ನೀವು ಬಿ. ಎ. ಯಲ್ಲಿ ಇಂಗ್ಲಿಷ್ ಓದಿದವರಲ್ಲವೆ? ಇದನ್ನು ಸ್ವಲ್ಪ ಓದಿ ಹೇಳಿ" ಎಂದು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು.

ಕನ್ನಡಕವನ್ನು ಹಾಕಿಕೊಂಡು ನೋಡಿದೆನು. ಅಕ್ಷರಗಳೇನೋ ಬಹುಮಟ್ಟಿಗೆ ಪರಿಚಿತವಾದುವೇ. ನಡುನಡುವೆ ನಾನೆಂದೂ ಕಾಣದ ಒಂದೆರಡು ಆಕೃತಿಗಳು. ಒಂದು ಶಬ್ದವೂ ಅರ್ಥವಾಗಲಿಲ್ಲ. "ಇದು ಜರ್ಮನ್ ಭಾಷೆಯಿರಬೇಕು, ಮಗು" ಎಂದೆನು. ಅವಳು ನಕ್ಕು, "ಇದು ಇಂಗ್ಲಿಷೇ, ತಾತ. ಸಾವಿರ ವರ್ಷದ ಹಿಂದಿನ ಇಂಗ್ಲಿಷು" ಎಂದಳು.

ಆ ಸಂಜೆಯಿಂದ ಮಾಘಮಾಸದಲ್ಲಿ ನಾನು ಊರಿಗೆ ಹಿಂದಿರುಗುವವರೆಗೂ ಅವಳ ಪಾಠ ನನ್ನ ಪಾಠವೂ ಆಯಿತು. ನಮ್ಮಲ್ಲಿ ಅನೇಕ ಗೃಹಸ್ಥರ ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿ ಓದುತ್ತಿರುವುದರಿಂದ, ಅಲ್ಲಿಯ ಹುಡುಗರು ಯಾವ ಪ್ರಾಚೀನ ಗ್ರಂಥಗಳೊಡನೆ ಹೆಣಗುವರೆಂಬುದನ್ನು ವಾಚಕರೂ ತಿಳಿಯಲಿಚ್ಛಿಸಬಹುದೆಂದು ಇದನ್ನು ಬರೆಯುತ್ತಿರುವೆನು.

ಅಲ್ಲಿ ಇಡೀ ರಾಷ್ಟ್ರಕ್ಕೆ ಒಂದೇ ಪಠ್ಯಕ್ರಮವೆಂಬುದಿಲ್ಲ. ಸಂಸ್ಥಾನಗಳೂ ಸ್ಥಳೀಯ ಶಾಲಾಮಂಡಲಿಗಳೂ ತಮಗೆ ತೋರಿದಂತೆ ಗೊತ್ತುಮಾಡಿಕೊಳ್ಳುವುವು. ಆದರೂ ಎಷ್ಟೋ ಹೈಸ್ಕೂಲುಗಳಲ್ಲಿ ಹನ್ನೊಂದನೆಯ ತರಗತಿಗೆ ಅಮೆರಿಕಾದ ಸಾಹಿತ್ಯವನ್ನೂ ಹನ್ನೆರಡನೆಯದಕ್ಕೆ ಬ್ರಿಟಿಷ್ ಸಾಹಿತ್ಯವನ್ನೂ ಇಡುವ ವಾಡಿಕೆಯುಂಟು. ಬೇವುಲ್ಫ್ ಎಂಬ ವೀರಕಾವ್ಯದಿಂದ ಪ್ರಾರಂಭಿಸಿ, ಚಾಸರ್ ಕವಿಯನ್ನು ದಾಟಿ, ಷೇಕ್ಸ್‌ಪಿಯರನ ಒಂದು ನಾಟಕವನ್ನು ಮುಗಿಸಿ, ಕಳೆದ ಶತಮಾನದ ಲೇಖಕರವರೆಗೆ ಒಂದೇ ವರ್ಷದಲ್ಲಿ ನಡೆದುಬಿಡುವರು. ವಿಚಿತ್ರವೇನೆಂದರೆ, ಇಂಗ್ಲೆಂಡಿನಲ್ಲಿಯೇ ಹದಿನಾರನೆಯ ವಯಸ್ಸಿನ ಪರೀಕ್ಷೆಗೆ ಷೇಕ್ಸ್‌ಪಿಯರನ ನಾಟಕವೊಂದು, 19ನೆಯ ಶತಮಾನದ ಕಾದಂಬರಿಯೊಂದು, ಇವುಗಳ ಜೊತೆಗೆ ಈಚಿನ ಕವಿತೆಗಳು ಮತ್ತು ಒಂದು ಆಧುನಿಕ ಕೃತಿ ಇರುವುವೇ ಹೊರತು ಬೇವುಲ್ಫ್ ಇಲ್ಲ. ಚಾಸರನು ಸಿಕ್ಕುವುದು ಅದರ ಮುಂದಿನ ಮೆಟ್ಟಲಿನಲ್ಲಿ, ಅದೂ ಸಾಹಿತ್ಯವನ್ನೇ ಆರಿಸಿಕೊಂಡವರಿಗೆ. ಹೀಗೆ ಇಂಗ್ಲಿಷರ ಮುತ್ತಜ್ಜನ ಕಾವ್ಯವನ್ನು ಓದುವ ಭಾಗ್ಯವು ಅಟ್ಲಾಂಟಿಕ್ ಸಮುದ್ರದ ಆಚೆಯ ಮಕ್ಕಳಿಗೆ ಹೆಚ್ಚಾಗಿ ಬಂದಿದೆ.

ನನ್ನ ವಿಷಯವನ್ನೂ ಇಲ್ಲಿ ಮುಚ್ಚಿಡಬಾರದು. 1971ರಲ್ಲಿ ನಾನು ಪದವೀಧರನಾದೆನು. ಚಾಸರನೆಂದರೆ 'ಆಂಗ್ಲ ಕಾವ್ಯದ ಜನಕ' ಎಂದು ಅಂಗಡಿಯ ನೋಟ್ಸಿನಿಂದ ಉರುಹೊಡೆದು, ಉತ್ತರಪತ್ರಿಕೆಯಲ್ಲಿ ಕಕ್ಕಿ ಅಂಕ ಗಳಿಸಿದೆನೇ ಹೊರತು ಅವನ ಒಂದು ಪಂಕ್ತಿಯನ್ನಾದರೂ ಬಾಯಿಬಿಟ್ಟು ಓದಿದವನಲ್ಲ. ಇದು ನನ್ನೊಬ್ಬನ ಸೋಮಾರಿತನವೂ ಅಲ್ಲ. ಆಂಗ್ಲ ಸಾಹಿತ್ಯವೆಂಬುದು ಶಾಲೆಯ ಪಾಠವಾಗಿ ಗಟ್ಟಿಯಾಗಿ ನೆಲೆಸಿದ್ದು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿಯೇ ಎಂದು ಗೌರಿ ವಿಶ್ವನಾಥನ್ ಎಂಬ ವಿದುಷಿಯು 1989ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸವಿಸ್ತಾರವಾಗಿ ವಾದಿಸಿರುವಳು. 1835ರ ನಿರ್ಣಯದ ತರುವಾಯ ಸರಕಾರದ ಹಣವು ಇಂಗ್ಲಿಷ್ ವಿದ್ಯೆಯ ಕಡೆಗೆ ಹರಿಯಿತು. ಪರೀಕ್ಷೆಗೆ ಗ್ರಂಥಗಳು ಬಂದುವು. ಪರೀಕ್ಷೆಯ ಹಿಂದೆಯೇ ನೋಟ್ಸು ಬಂದಿತು. ನಾನು ಆ ಸಾಲಿನ ಕಡೆಯವರಲ್ಲೊಬ್ಬನು.

ಇರಲಿ. ಮೊದಲು ಬೇವುಲ್ಫ್.

ಕಥೆಯನ್ನು ಮೊಮ್ಮಗಳು ನನಗೆ ಹೇಳಿದಳು. ಹೇಳುತ್ತ ಹೇಳುತ್ತ ನನಗೆ ನಮ್ಮ ಬಕಾಸುರನ ನೆನಪು ಬಂದಿತು. ಡೇನರ ದೊರೆಯಾದ ಹ್ರೋತ್‌ಗಾರನು ಭವ್ಯವಾದ ಸಭಾಮಂದಿರವೊಂದನ್ನು ಕಟ್ಟಿಸುವನು. ಕೆಸರುಹೊಂಡದಲ್ಲಿ ವಾಸಿಸುವ ಗ್ರೆಂಡೆಲ್ ಎಂಬ ರಾಕ್ಷಸನು ಆ ಮಂದಿರದ ಗಾನವನ್ನು ಕೇಳಿ ಸಹಿಸಲಾರದೆ, ರಾತ್ರಿ ರಾತ್ರಿ ಬಂದು ಭಟರನ್ನು ತಿನ್ನುವನು. ಹೀಗೆ ಹನ್ನೆರಡು ವರ್ಷ. ಆಗ ಸಮುದ್ರದಾಚೆಯ ಗೀಟರ ಕುಲದ ತರುಣ ವೀರನು ಹದಿನಾಲ್ಕು ಮಂದಿ ಸಂಗಡಿಗರೊಡನೆ ಬಂದು, ಆಯುಧವಿಲ್ಲದೆ ಬರಿಗೈಯಿಂದ ಹೋರಾಡಿ, ರಾಕ್ಷಸನ ತೋಳನ್ನೇ ಕಿತ್ತುಬಿಡುವನು. ಮರುದಿನ ರಾತ್ರಿ ರಾಕ್ಷಸನ ತಾಯಿ ಸೇಡಿಗೆ ಬರುವಳು. ವೀರನು ಮಡುವಿನ ತಳಕ್ಕಿಳಿದು ಅವಳನ್ನೂ ಕೊಲ್ಲುವನು. ಅವನು ದೊರೆಯಾಗಿ ಐವತ್ತು ವರ್ಷ ಆಳಿದ ಮೇಲೆ, ಯಾರೋ ಕದ್ದ ಒಂದು ಬಟ್ಟಲಿನ ನಿಮಿತ್ತ ಕೆರಳಿದ ಬೆಂಕಿಯುಗುಳುವ ಸರ್ಪವು ನಾಡನ್ನು ಸುಡುವುದು. ಮುದುಕನಾದ ವೀರನು ಅದರೊಡನೆ ಕಾದಾಡಿ, ಅದನ್ನು ಕೊಂದು, ತಾನೂ ಸಾಯುವನು. ಜೊತೆಗಿದ್ದವರಲ್ಲಿ ವಿಗ್ಲಾಫನೊಬ್ಬನು ಹೊರತು ಮಿಕ್ಕವರೆಲ್ಲ ಕಾಡಿಗೆ ಓಡಿಹೋಗಿರುವರು.

ತರಗತಿಯಲ್ಲಿ ಇದರ ಮೇಲೆ ವಾದ ನಡೆಯಿತಂತೆ. ಆ ಕಾಲದ ಧರ್ಮದಂತೆ ಸತ್ತವರಿಗಾಗಿ ಸೇಡು ತೀರಿಸಿಕೊಳ್ಳುವುದು ಕರ್ತವ್ಯವಾಗಿದ್ದರೆ, ಮಗನನ್ನು ಕಳೆದುಕೊಂಡ ಆ ತಾಯಿ ಮಾಡಿದ ತಪ್ಪೇನು ಎಂದು ನನ್ನ ಮೊಮ್ಮಗಳು ಕೇಳಿದಳಂತೆ. ಅಧ್ಯಾಪಿಕೆಯು ಉತ್ತರ ಹೇಳದೆ, ಅದನ್ನೇ ಹಲಗೆಯ ಮೇಲೆ ಬರೆದು, ಉಳಿದವರನ್ನು ಕೇಳಿದಳಂತೆ. ನಮ್ಮ ಕಾಲದಲ್ಲಿ ಇಂಥ ಪ್ರಶ್ನೆ ಕೇಳಿದ್ದರೆ "ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂಬ ಉತ್ತರ ಸಿಕ್ಕುತ್ತಿತ್ತು.

ಈ ಕಾವ್ಯವು ನಮ್ಮ ಕೈಗೆ ಬಂದ ರೀತಿಯು ಕಥೆಗಿಂತ ಕಡಮೆಯ ಅದ್ಭುತವಲ್ಲ. 3182 ಪಂಕ್ತಿಗಳ ಈ ಕಾವ್ಯಕ್ಕೆ ಜಗತ್ತಿನಲ್ಲಿ ಇರುವುದು ಒಂದೇ ಒಂದು ಪ್ರಾಚೀನ ಪ್ರತಿ. ಕ್ರಿ. ಶ. 1000ದ ಸುಮಾರಿನಲ್ಲಿ ಇಬ್ಬರು ಲಿಪಿಕಾರರು ಚರ್ಮಪತ್ರದ ಮೇಲೆ ಬರೆದದ್ದು. ಸರ್ ರಾಬರ್ಟ್ ಕಾಟನ್ ಎಂಬ ಗ್ರಂಥಸಂಗ್ರಾಹಕನ ಭಂಡಾರದಲ್ಲಿ ಅದಿದ್ದಿತು. 1731ರಲ್ಲಿ ಆ ಭಂಡಾರವಿದ್ದ ಲಂಡನಿನ ಮನೆಗೆ ಬೆಂಕಿ ಬಿದ್ದಿತು. ಪ್ರತಿಯು ಉಳಿಯಿತು, ಆದರೆ ಅಂಚುಗಳು ಸೀದುಹೋದುವು. ಮುಂದೆ ಮುಟ್ಟಿದಾಗಲೆಲ್ಲ ಆ ಅಂಚು ಪುಡಿಪುಡಿಯಾಗಿ ಉದುರುತ್ತ, ಅಕ್ಷರಗಳನ್ನೂ ಕೊಂಡೊಯ್ಯತೊಡಗಿತು. 1780ರ ದಶಕದಲ್ಲಿ ಥೋರ್ಕೆಲಿನ್ ಎಂಬ ಐಸ್‌ಲೆಂಡಿನ ವಿದ್ವಾಂಸನು ಲಂಡನಿಗೆ ಬಂದು, ಒಂದು ನಕಲನ್ನು ಬೇರೊಬ್ಬನಿಂದ ಬರೆಯಿಸಿ, ಮತ್ತೊಂದನ್ನು ತಾನೇ ಬರೆದುಕೊಂಡು ಕೋಪನ್‌ಹೇಗನ್ನಿಗೆ ಹೋದನು. 1807ರಲ್ಲಿ ಇಂಗ್ಲಿಷರ ನೌಕಾಸೈನ್ಯವು ಆ ನಗರದ ಮೇಲೆ ಗುಂಡಿನ ಮಳೆಗರೆದಾಗ ಅವನ ಮನೆ ಸುಟ್ಟು, ಮುದ್ರಣಕ್ಕೆ ಸಿದ್ಧಪಡಿಸಿದ್ದ ಬರಹವೆಲ್ಲ ಬೂದಿಯಾಯಿತು. ದೈವವಶಾತ್ ನಕಲುಗಳೆರಡೂ ಉಳಿದುವು. ಅವನು ಮತ್ತೆ ಮೊದಲಿನಿಂದ ದುಡಿದು 1815ರಲ್ಲಿ ಗ್ರಂಥವನ್ನು ಅಚ್ಚುಹಾಕಿಸಿದನು. ಮೂಲದ ಅಂಚಿನಲ್ಲಿ ಈಗ ಉದುರಿಹೋಗಿರುವ ಎಷ್ಟೋ ಅಕ್ಷರಗಳನ್ನು ವಿದ್ವಾಂಸರು ಆ ನಕಲುಗಳಿಂದಲೇ ತುಂಬಿಕೊಳ್ಳುವರು.

ಈ ಕಾವ್ಯದ ಛಂದಸ್ಸಿನ ವಿಷಯದಲ್ಲಿ ನಾನು ಸ್ವಲ್ಪ ಸಹಾಯ ಮಾಡಿದೆನೆಂದು ಹೇಳಿಕೊಳ್ಳಬಹುದು. ಪ್ರತಿಯೊಂದು ಪಂಕ್ತಿಗೂ ನಾಲ್ಕು ಪೆಟ್ಟು, ನಡುವೆ ಒಂದು ತಡೆ. ಮೂರನೆಯ ಪೆಟ್ಟಿನ ಶಬ್ದವು ಯಾವ ಧ್ವನಿಯಿಂದ ತೊಡಗುವುದೋ ಅದೇ ಧ್ವನಿಯು ಮೊದಲಿನ ಎರಡು ಪೆಟ್ಟುಗಳಲ್ಲಿ ಒಂದರಲ್ಲಾದರೂ ಇರಬೇಕು. ಮೊಮ್ಮಗಳಿಗೆ ಇದು ವಿಚಿತ್ರವಾಗಿ ಕಂಡಿತು. ಏಕೆಂದರೆ ಅವಳು ಬಲ್ಲ ಇಂಗ್ಲಿಷ್ ಪದ್ಯಗಳಲ್ಲಿ ಪ್ರಾಸವು ಸಾಲಿನ ಕೊನೆಯಲ್ಲಿ ಬರುವುದು. "ನಮ್ಮ ಹಳೆಯ ಕವಿಗಳಿಗೂ ಪ್ರಾಸ ಕೊನೆಯಲ್ಲಿರಲಿಲ್ಲ, ಕಂದ, ಪ್ರತಿಪಾದದ ಎರಡನೆಯ ಅಕ್ಷರದಲ್ಲಿತ್ತು" ಎಂದು ಹೇಳಿ, ಚಮಚೆಯಿಂದ ಮೇಜನ್ನು ತಟ್ಟುತ್ತ ತೋರಿಸಿದೆನು. ಅಷ್ಟಕ್ಕೆ ಅವಳಿಗೆ ಕಿವಿ ತೆರೆಯಿತು. ಪುಸ್ತಕದಲ್ಲಿ ಎದುರುಬದುರಾಗಿ ಅಚ್ಚಾಗಿದ್ದ ಮೂಲವನ್ನು ಅರ್ಥದ ಗೊಡವೆಯಿಲ್ಲದೆ ಗಟ್ಟಿಯಾಗಿ ಓದುತ್ತ ಪೆಟ್ಟುಗಳನ್ನು ಎಣಿಸತೊಡಗಿದಳು.

ಮುಂದೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯ ಭಾಷೆ ಫ್ರೆಂಚಾಯಿತು. ಮೂರು ಶತಮಾನ ಕಳೆಯುವುದರೊಳಗೆ ಇಂಗ್ಲಿಷು ಗುರುತು ಸಿಕ್ಕದಷ್ಟು ಬದಲಾಯಿತು. ಪಠ್ಯಪುಸ್ತಕದಲ್ಲಿಯೂ ಇದಕ್ಕೆ ಒಂದೂವರೆ ಪುಟವಷ್ಟೇ.

ಚಾಸರನು ನಮ್ಮಂಥ ಗೃಹಸ್ಥನು, ಸರಕಾರಿ ನೌಕರ. ಲಂಡನಿನ ರೇವಿನಲ್ಲಿ ಉಣ್ಣೆಯ ಸುಂಕದ ಲೆಕ್ಕವನ್ನು ಹನ್ನೆರಡು ವರ್ಷ ನೋಡಿಕೊಂಡಿದ್ದವನು. ಅದಕ್ಕೆ ಮೊದಲು ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕಿ, 1360ರಲ್ಲಿ ಬಿಡುಗಡೆಹಣ ಕೊಟ್ಟು ಬಿಡಿಸಬೇಕಾಯಿತು. ಅದಕ್ಕೆ ರಾಜನು ಸೇರಿಸಿಕೊಟ್ಟದ್ದು 16 ಪೌಂಡು. ಇಂಥವನು ತನ್ನ ಕಡೆಗಾಲದಲ್ಲಿ, ಕ್ಯಾಂಟರ್ಬರಿಯ ಸಂತನ ಸಮಾಧಿಗೆ ಹೊರಟ ಯಾತ್ರಿಕರು ದಾರಿಯ ಬೇಸರ ಕಳೆಯಲು ಒಬ್ಬೊಬ್ಬರಾಗಿ ಕಥೆ ಹೇಳುವಂತೆ ಕಲ್ಪಿಸಿ ಬರೆದನು. ವೀರಭಟ, ಗಿರಣಿಯವ, ಸನ್ಯಾಸಿನಿ, ಐದು ಗಂಡಂದಿರನ್ನು ಕಂಡ ಬಾಥ್ ಊರಿನ ಗೃಹಿಣಿ, ಪಾಪಪರಿಹಾರದ ಚೀಟಿ ಮಾರುವವ, ಹೀಗೆ ಎಲ್ಲ ಮೇಳದವರೂ ಒಂದೇ ಛತ್ರದಲ್ಲಿ. ನೂರಕ್ಕೂ ಮೇಲ್ಪಟ್ಟು ಕಥೆ ಬರೆಯುವ ಸಂಕಲ್ಪವಿದ್ದರೂ 1400ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಆದದ್ದು 24. ಅವುಗಳಲ್ಲಿಯೂ ಕೆಲವು ಅರ್ಧಕ್ಕೆ ನಿಂತಿವೆ.

ಈ ಗ್ರಂಥದ ಪೀಠಿಕೆಯ ಮೊದಲ 18 ಪಂಕ್ತಿಗಳನ್ನು, ಚಾಸರನ ಕಾಲದ ಉಚ್ಚಾರಣೆಯಲ್ಲಿಯೇ, ಬಾಯಿಪಾಠ ಮಾಡಿ ತರಗತಿಯ ಮುಂದೆ ಒಪ್ಪಿಸುವುದು ಅಲ್ಲಿಯ ಅನೇಕ ಶಾಲೆಗಳಲ್ಲಿ ಒಂದು ಸಂಪ್ರದಾಯ. ನನ್ನ ಮೊಮ್ಮಗಳಿಗೆ ಇದು ಕಂಟಕವಾಗಿ ಬಂದಿತು. ಬರೆದಿರುವುದೊಂದು, ಈಗ ಉಚ್ಚರಿಸುವುದೊಂದು, ಆಗ ಉಚ್ಚರಿಸುತ್ತಿದ್ದುದು ಮತ್ತೊಂದು. ಎರಡು ದಿನ ಅತ್ತೂ ಕರೆದೂ ನೋಡಿದಳು.

ನಾನು ಅಧ್ಯಾಪಿಕೆ ಕೊಟ್ಟಿದ್ದ ಧ್ವನಿಮುದ್ರಣವನ್ನು ಅವಳ ಕೈಯಿಂದ ಹಾಕಿಸಿ ಕೇಳಿದೆನು. ಮೊದಲನೆಯ ಸಲ ಏನೂ ತಿಳಿಯಲಿಲ್ಲ. ಮೂರನೆಯ ಸಲ ಕೇಳುವಾಗ ಒಂದು ವಿಷಯ ಹೊಳೆದು ಕುರ್ಚಿಯಿಂದ ಎದ್ದೇಬಿಟ್ಟೆನು. ಈ ಮಹಾನುಭಾವನು ಬರೆದಂತೆಯೇ ಓದುತ್ತಿದ್ದನು! ಈಗ ನಾವು ನೇಮ್ ಎನ್ನುವ ಶಬ್ದ ಅವನಿಗೆ 'ನಾಮೆ'. ಟೈಮ್ ಎಂಬುದು 'ಟೀಮೆ'. ಹೌಸ್ ಎಂಬುದು 'ಹೂಸ್'. ಟೇಲ್, ಎಂದರೆ ಕಥೆ, 'ಟಾಲೆ'. ನೈಟ್ ಎಂಬ ವೀರಭಟನ ಹೆಸರಿನ ಮೊದಲಲ್ಲಿ ಸುಮ್ಮನೆ ಕುಳಿತಿರುವ ಕಕಾರವೂ ನಡುವೆ ಮೂಕವಾಗಿರುವ ಎರಡಕ್ಷರಗಳೂ ಅವನ ಬಾಯಲ್ಲಿ ಸಜೀವವಾಗಿದ್ದುವು: 'ಕ್ನಿಖ್ಟ್'. ಬಾಲ್ಯದಲ್ಲಿ ಈ ಮೂಕಾಕ್ಷರಗಳ ನಿಮಿತ್ತ ಕೈಯ ಮೇಲೆ ಬೆತ್ತದ ಏಟು ತಿಂದವರು ನಮ್ಮಲ್ಲಿ ಕಡಮೆಯವರಲ್ಲ. ಅವು ಯಾರೋ ನಮ್ಮನ್ನು ಪೀಡಿಸಲು ಸೇರಿಸಿದುವಲ್ಲ. ಒಂದು ಕಾಲಕ್ಕೆ ಬದುಕಿದ್ದು ಆಮೇಲೆ ಸತ್ತಂಥವು. ಕ್ಯಾಕ್ಸ್‌ಟನ್ನನು 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟವನ್ನು ತಂದನು. ಅಚ್ಚಿನಿಂದ ಕಾಗುಣಿತವು ಕ್ರಮೇಣ ಕಲ್ಲಾಗುತ್ತಿದ್ದ ಆ ಶತಮಾನಗಳಲ್ಲಿಯೇ ಜನರ ನಾಲಗೆಯ ಮೇಲೆ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟವಾಗುತ್ತಿದ್ದುವು. ಬರಹ ನಿಂತಿತು, ಮಾತು ನಡೆಯಿತು.

"ಇಲ್ಲಿ ಬಾ, ಮಗು. ಇದನ್ನು ಕನ್ನಡ ಅಕ್ಷರದಲ್ಲಿ ಬರೆದುಕೋ" ಎಂದೆನು. ಅವಳು ಕನ್ನಡ ಕೂಟದವರ ಭಾನುವಾರದ ಪಾಠಶಾಲೆಯಲ್ಲಿ ನಾಲ್ಕು ವರ್ಷ ಅಕ್ಷರ ಕಲಿತಿದ್ದಳು. ಉಪಯೋಗವೇನೆಂದು ತಾಯಿಯನ್ನು ಕೇಳುತ್ತಿದ್ದವಳೂ ಅವಳೇ. ಹದಿನೆಂಟು ಪಂಕ್ತಿಗಳನ್ನೂ ಧ್ವನಿಯಂತೆ ಕನ್ನಡ ಲಿಪಿಯಲ್ಲಿ ಇಳಿಸಿದೆವು. ನಾಲ್ಕು ದಿನಗಳಲ್ಲಿ ಪಾಠ ಬಾಯಿಗೆ ಬಂದಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನನ್ನ ಮಗಳೂ ಅದನ್ನೇ ಗುಣುಗತೊಡಗಿದಳು. ತರಗತಿಯಲ್ಲಿ ಒಪ್ಪಿಸಿದ ದಿನ ಅಧ್ಯಾಪಿಕೆಯು ಆ ಕನ್ನಡದ ಹಾಳೆಯನ್ನು ಕೇಳಿ ಪಡೆದು, ಗೋಡೆಗೆ ಅಂಟಿಸಿದಳಂತೆ.

ಚಾಸರನ ಕಥೆಗಳಲ್ಲಿ ನಮ್ಮ ಮನೆಯವರಿಗೆಲ್ಲ ಹಿಡಿಸಿದ್ದು ಚೀಟಿ ಮಾರುವವನು ಹೇಳುವ ಕಥೆ. ಮಹಾಮಾರಿಯ ಕಾಲದಲ್ಲಿ ಮೂವರು ಕುಡುಕ ತರುಣರು ಮೃತ್ಯುವನ್ನೇ ಹುಡುಕಿ ಕೊಲ್ಲುವೆವೆಂದು ಪ್ರತಿಜ್ಞೆ ಮಾಡಿ ಹೊರಡುವರು. ದಾರಿಯಲ್ಲಿ ಸಿಕ್ಕಿದ ಒಬ್ಬ ಹಣ್ಣುಮುದುಕನು, 'ಮೃತ್ಯುವು ಆ ಮರದಡಿಯಲ್ಲಿದ್ದಾನೆ' ಎನ್ನುವನು. ಹೋಗಿ ನೋಡಿದರೆ ಬಂಗಾರದ ನಾಣ್ಯಗಳ ರಾಶಿ. ಕಿರಿಯವನು ಊರಿಗೆ ಹೋಗಿ ತಂದ ಮದ್ಯಕ್ಕೆ ವಿಷ ಬೆರಸಿರುವನು. ಕಾದಿದ್ದ ಇಬ್ಬರು ಅವನನ್ನು ಇರಿದು, ಆ ಮದ್ಯವನ್ನೇ ಕುಡಿಯುವರು. ಲೋಭದ ಮೇಲೆ ಇಂಥ ಉಪದೇಶ ಮಾಡುವವನು ಸ್ವತಃ ಕಡುಲೋಭಿ ಎಂಬುದೇ ಚಾಸರನ ಹಾಸ್ಯ.

ಇದನ್ನು ಕೇಳಿದೊಡನೆಯೇ ನನಗೆ ಎಲ್ಲಿಯೋ ಓದಿದಂತೆನಿಸಿತು. ಹುಡುಕಿದಾಗ ಸಿಕ್ಕಿತು: ಬೌದ್ಧರ ಜಾತಕಕಥೆಗಳಲ್ಲಿ 48ನೆಯದಾದ ವೇದಬ್ಭ ಜಾತಕ. ಆಕಾಶದಿಂದ ರತ್ನಗಳ ಮಳೆ ಸುರಿಸುವ ಮಂತ್ರವನ್ನು ಬಲ್ಲ ಒಬ್ಬ ಬ್ರಾಹ್ಮಣನು ಕಳ್ಳರ ಕೈಗೆ ಸಿಕ್ಕಿ, ಶಿಷ್ಯನ ಬುದ್ಧಿವಾದವನ್ನು ಮೀರಿ ಮಂತ್ರ ಹಾಕಿ, ಕಡೆಗೆ ಮತ್ತೊಂದು ಗುಂಪಿನವರಿಂದ ಹತನಾಗುವನು. ಆ ಸಂಪತ್ತಿಗಾಗಿ ಕಳ್ಳರು ತಮ್ಮತಮ್ಮಲ್ಲೇ ಕಡಿದಾಡಿ ಸಾವಿರದಲ್ಲಿ ಇಬ್ಬರು ಉಳಿಯುವರು. ಒಬ್ಬನು ಅನ್ನ ತರಲು ಹೋಗಿ ವಿಷ ಬೆರಸುವನು. ಇನ್ನೊಬ್ಬನು ಕತ್ತಿ ಹಿಡಿದು ಕಾದಿರುವನು. ಮುಂದೆ ನಡೆದುದನ್ನು ವಾಚಕರು ಬಲ್ಲರು. ಈ ಕಥೆಯು ಪೂರ್ವದೇಶಗಳಿಂದ ಬಾಯಿಂದ ಬಾಯಿಗೆ ಪಶ್ಚಿಮಕ್ಕೆ ಹೋಯಿತೆಂದು ವಿದ್ವಾಂಸರು ಹೇಳುವರು. ಮೊಮ್ಮಗಳು ಎರಡನ್ನೂ ಹೋಲಿಸಿ ತಾನೇ ಒಂದು ಪ್ರಬಂಧ ಬರೆದಳು. ಒಳ್ಳೆಯ ಅಂಕ ಬಂದಿತು.

ಆ ಅಂಕವೇ ನನ್ನ ತಲೆ ಕೆಡಿಸಿತೆಂದು ತೋರುತ್ತದೆ. ಚಾಸರನ ಕಾಲದವನೇ ಆದ, ಹೆಸರು ತಿಳಿಯದ ಕವಿಯೊಬ್ಬನು ಬರೆದ ಗವೇನ್ ಎಂಬ ವೀರಭಟನ ಕಾವ್ಯ ಮುಂದಿನ ಪಾಠ. ಆರ್ಥರ್ ರಾಜನ ಓಲಗಕ್ಕೆ ಹೊಸ ವರ್ಷದ ದಿನ ಮೈಯೆಲ್ಲ ಹಸುರಾದ ಸವಾರನೊಬ್ಬನು ಬಂದು, 'ಈ ಕೊಡಲಿಯಿಂದ ನನ್ನನ್ನು ಹೊಡೆಯಿರಿ; ವರ್ಷ ಕಳೆದ ಮೇಲೆ ನಾನು ಮರಳಿ ಹೊಡೆಯುವೆನು' ಎಂದು ಪಂಥ ಹಾಕುವನು. ಗವೇನನು ಒಂದೇ ಏಟಿಗೆ ತಲೆ ಹಾರಿಸುವನು. ಸವಾರನು ತಲೆಯನ್ನು ಕೈಯಲ್ಲಿ ಹಿಡಿದು ಹೊರಟುಹೋಗುವನು. ವರ್ಷದ ಕೊನೆಗೆ ಮಾತಿನಂತೆ ಹೊರಟ ಗವೇನನು ದಾರಿಯ ಕೋಟೆಯೊಂದರಲ್ಲಿ ತಂಗುವನು. ದಿನದಲ್ಲಿ ದೊರೆತುದನ್ನು ಸಂಜೆ ಪರಸ್ಪರ ಕೊಡಬೇಕೆಂದು ಯಜಮಾನನೊಡನೆ ಒಪ್ಪಂದ. ಪ್ರಾಣ ಕಾಪಾಡುವುದೆಂದು ಮನೆಯೊಡತಿ ಕೊಟ್ಟ ಹಸುರು ನಡುಪಟ್ಟಿಯೊಂದನ್ನು ಮಾತ್ರ ಅವನು ಬಚ್ಚಿಡುವನು. ಕೊಡಲಿಯು ಎರಡು ಸಲ ಸುಳ್ಳೇಟಾಗಿ ತಪ್ಪಿ, ಮೂರನೆಯ ಸಲ ಕತ್ತಿನ ಚರ್ಮವನ್ನು ಸೀಳುವುದು. ಆ ಸಣ್ಣ ಗಾಯವು ನಡುಪಟ್ಟಿಯ ಸುಳ್ಳಿಗೆ. ಯಜಮಾನನೇ ಹಸುರು ಸವಾರನಾಗಿದ್ದನು. ಗವೇನನು ನಾಚಿಕೆಯಿಂದ ಆ ಪಟ್ಟಿಯನ್ನು ಧರಿಸಿ ಓಲಗಕ್ಕೆ ಮರಳಿದರೆ, ಸಭೆಯವರು ನಕ್ಕು, ತಾವೂ ಅಂಥದನ್ನೇ ಕಟ್ಟಿಕೊಳ್ಳುವರು.

ಗವೇನನ ತಪ್ಪು ದೊಡ್ಡದೆ, ಸಣ್ಣದೆ ಎಂಬುದು ಪ್ರಬಂಧದ ವಿಷಯ. ರಾತ್ರಿ ಹನ್ನೊಂದು ಗಂಟೆ, ಹುಡುಗಿ ತೂಕಡಿಸುತ್ತಿದ್ದಳು. ನಾನು ಕನಿಕರದಿಂದ, ಸ್ವಲ್ಪ ಜಂಬದಿಂದಲೂ ಇರಬೇಕು, ಮೊದಲ ಎರಡು ಖಂಡಿಕೆಗಳನ್ನು ಹೇಳಿ ಬರೆಯಿಸಿದೆನು. ವಾರದ ಮೇಲೆ ಕಾಗದ ಹಿಂದಕ್ಕೆ ಬಂದಿತು. ಅಂಕವಿಲ್ಲ. ಅಂಚಿನಲ್ಲಿ, "ಈ ಭಾಗವನ್ನು ಬರೆದವರು ಯಾರು? ಇದು ನಿನ್ನ ದನಿಯಲ್ಲ" ಎಂದು ಬರೆದಿದ್ದಿತು. ನನ್ನ ಅರ್ಧ ಶತಮಾನದ ಹಿಂದಿನ ಕಚೇರಿ ಇಂಗ್ಲಿಷು ಕೂಗಿ ಹೇಳಿತ್ತು. ಹುಡುಗಿ ಇದ್ದುದನ್ನು ಇದ್ದಂತೆ ಒಪ್ಪಿಕೊಂಡಳು. ಮೂರು ದಿನದೊಳಗೆ ಹೊಸದಾಗಿ ಬರೆಯಬೇಕೆಂದೂ ಪೂರ್ಣಾಂಕ ಸಿಕ್ಕದೆಂದೂ ಅಪ್ಪಣೆಯಾಯಿತು.

ನನ್ನ ಮಗಳು ಒಂದು ಹಗಲೆಲ್ಲ ನನ್ನೊಡನೆ ಮಾತಾಡಲಿಲ್ಲ. ಸಂಜೆ ಕಾಫಿ ತಂದಿಟ್ಟು, "ಅಪ್ಪ, ನನ್ನ ಲೆಕ್ಕವನ್ನು ನೀವು ಒಂದು ದಿನವೂ ಮಾಡಿಕೊಡಲಿಲ್ಲ. ನಾನು ಅತ್ತರೂ ಕೊಡಲಿಲ್ಲ. ಇವಳಿಗೇಕೆ ಮಾಡಿಕೊಟ್ಟಿರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಮೂರು ರಾತ್ರಿ ಬರೆದಳು. ಮುಗಿದ ಮೇಲೆ ನನಗೆ ಓದಲು ಕೊಟ್ಟಳು. ಸಭೆಯವರು ನಕ್ಕದ್ದು ಅವರ ಕತ್ತಿಗೆ ಕೊಡಲಿ ತಾಗಿರಲಿಲ್ಲವಾದುದರಿಂದ ಎಂದು ಅದರಲ್ಲಿ ಒಂದು ವಾಕ್ಯವಿದ್ದಿತು. ಅಂಗಡಿಯ ಯಾವ ನೋಟ್ಸಿನಲ್ಲಿಯೂ ನಾನು ಅಂಥದನ್ನು ಓದಿರಲಿಲ್ಲ.

ಪುಷ್ಯಮಾಸದಲ್ಲಿ, ಹಿಮ ಬೀಳುವ ಕಾಲಕ್ಕೆ, ಮ್ಯಾಕ್‌ಬೆತ್ ನಾಟಕ ಬಂದಿತು. ಅದನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ಶ್ರೀಕಂಠೇಶಗೌಡರು 1895ರಲ್ಲಿಯೇ ಅದನ್ನು 'ಪ್ರತಾಪರುದ್ರದೇವ'ನನ್ನಾಗಿ ಮಾಡಿದರು. ಮುಂದಿನ ಜೇನ್ ಆಸ್ಟೆನ್, ಮೇರಿ ಷೆಲ್ಲಿ ಮೊದಲಾದವರನ್ನು ತಲುಪುವಷ್ಟರಲ್ಲಿ ನನ್ನ ಅವಧಿ ಮುಗಿದಿತ್ತು.

ಹೊರಡುವ ಹಿಂದಿನ ದಿನ ಹುಡುಗಿ ಕೇಳಿದಳು: "ತಾತ, ಬೇವುಲ್ಫ್ ಬರೆದಿಟ್ಟ ಕಾಲದಲ್ಲಿ ಕನ್ನಡದಲ್ಲಿ ಏನಿತ್ತು?"

"ಪಂಪ" ಎಂದೆನು. "941ರಲ್ಲಿ ಭಾರತವನ್ನು ಬರೆದನು. ಆ ಪ್ರತಿಗಿಂತ ಅರ್ಧ ಶತಮಾನ ಹಿಂದೆಯೇ."

"ನೀವು ಓದಿದ್ದೀರಾ?"

ಶಾಲೆಯಲ್ಲಿ ಒಂದೆರಡು ಪದ್ಯ ಎಂದೆನು. ಅವಳು ಏನೂ ಅನ್ನಲಿಲ್ಲ. ಮೂರು ರಾತ್ರಿ ಬಾಗಿಲು ಹಾಕಿಕೊಂಡು ಬರೆದ ಮುಖವೇ ನನ್ನನ್ನು ನೋಡಿತು.

ಬೆಂಗಳೂರಿಗೆ ಬಂದ ಮೇಲೆ ಗದ್ಯಾನುವಾದಸಹಿತವಾದ ಪಂಪಭಾರತವನ್ನು ಕೊಂಡು ತಂದೆನು. ಆ ಕಾವ್ಯವನ್ನೂ ಮೊದಲು ಅಚ್ಚುಹಾಕಿಸಿದವನು, 1898ರಲ್ಲಿ, ಲೂಯಿ ರೈಸ್ ಎಂಬ ಇಂಗ್ಲಿಷನೆಂಬುದು ಆಗ ತಿಳಿಯಿತು. ಈಗ ಪ್ರತಿ ಭಾನುವಾರ ಬೆಳಗ್ಗೆ, ಅಲ್ಲಿ ಶನಿವಾರ ರಾತ್ರಿ, ದೂರವಾಣಿಯ ತೆರೆಯ ಮೇಲೆ ನಾವಿಬ್ಬರೂ ಎದುರುಬದುರು ಕುಳಿತು ಒಂದೊಂದು ಪದ್ಯ ಓದುವೆವು. ನನಗೂ ಅರ್ಥವಾಗುವುದು ನಿಧಾನ. ಮೊದಲನೆಯ ದಿನ ಱ, ೞ ಎಂಬ ಸತ್ತುಹೋದ ಅಕ್ಷರಗಳನ್ನು ತೋರಿಸಿದಾಗ ಅವಳು ಚಪ್ಪಾಳೆ ತಟ್ಟಿದಳು. ಬೇವುಲ್ಫ್ ಪ್ರತಿಯಲ್ಲಿಯೂ ಹಾಗೆ ಸತ್ತ ಅಕ್ಷರಗಳುಂಟಂತೆ; ಥಕಾರಕ್ಕಿದ್ದ ಒಂದಕ್ಕೆ 'ಮುಳ್ಳು' ಎಂದೇ ಹೆಸರಂತೆ. ಕಳೆದ ವಾರ ಅವಳ ಟಿಪ್ಪಣಿಯ ಪುಸ್ತಕದ ರಕ್ಷಾಪತ್ರದ ಚಿತ್ರವನ್ನು ಕಳುಹಿಸಿದಳು. ಇಂಗ್ಲಿಷರ ಮುಳ್ಳಿನ ಪಕ್ಕದಲ್ಲಿ ನಮ್ಮ ೞಕಾರವನ್ನು ದೊಡ್ಡದಾಗಿ ಬರೆದಿದ್ದಳು; ಕೆಳಗಿನ ಸುಳಿ ಮಾತ್ರ ಸ್ವಲ್ಪ ಸೊಟ್ಟವಾಗಿತ್ತು. ನಾವಿನ್ನೂ ಮೊದಲನೆಯ ಆಶ್ವಾಸದಲ್ಲಿಯೇ ಇದ್ದೇವೆ.